ಹಳೇ ವ್ಯಾಗನ್, ಸಣ್ಣ ಬಜೆಟ್: ಮೊದಲ ರೂಪಾಯಿ ಎಲ್ಲಿಗೆ?

ಸ್ಟೇಷನ್ ವ್ಯಾಗನ್ ಅಂದ್ರೆ ಯಾವ ಗಾಡಿ ಅಂತ ಕ್ಯಾಂಪಸ್‌ನಲ್ಲಿ ಕೇಳಿ ನೋಡಿ. ಅರ್ಧ ಜನ ಗೂಡ್ಸ್ ರೈಲಿನ ಬೋಗಿ ಅಂದ್ಕೊಳ್ತಾರೆ. ರೈಲಿಗೂ ಅದಕ್ಕೂ ಸಂಬಂಧ ಇಲ್ಲದೆ ಏನಿಲ್ಲ. ರೈಲ್ವೆ ಸ್ಟೇಷನ್ನಿನಿಂದ ಜನರನ್ನೂ ಅವರ ಟ್ರಂಕುಗಳನ್ನೂ ಒಟ್ಟಿಗೆ ಸಾಗಿಸುತ್ತಿದ್ದ ಬಂಡಿಗಳಿಗೆ ಅಮೆರಿಕದಲ್ಲಿ ಬಿದ್ದ ಹೆಸರು ಅದು. ಇವತ್ತಿನ ಅರ್ಥದಲ್ಲಿ, ಸೆಡಾನ್ ಕಾರಿನ ಛಾವಣಿಯನ್ನು ಹಿಂದಿನ ಬಂಪರ್‌ವರೆಗೂ ಎಳೆದು, ಡಿಕ್ಕಿಯ ಜಾಗದಲ್ಲಿ ಒಂದು ಪುಟ್ಟ ಗೋದಾಮು ಮಾಡಿದರೆ ಅದೇ ವ್ಯಾಗನ್.

ನಮ್ಮ ದೇಶದಲ್ಲಿ ಇದು ಯಾಕೋ ಕೈ ಹಿಡಿಯಲಿಲ್ಲ. ಅಂಬಾಸಿಡರ್‌ಗೆ ಎಸ್ಟೇಟ್ ಅವತಾರ ಇತ್ತು, 1992ರಲ್ಲಿ ಟಾಟಾ ಎಸ್ಟೇಟ್ ಬಂತು, ಆಮೇಲೆ ಬಲೆನೊ ಆಲ್ಟುರಾ, ಕೋರ್ಸಾ ಸ್ವಿಂಗ್, ಆಕ್ಟೇವಿಯಾ ಕಾಂಬಿ, 2004ರಲ್ಲಿ ಇಂಡಿಗೊ ಮರೀನಾ. ಒಂದೂ ಹೆಚ್ಚು ದಿನ ನಿಲ್ಲಲಿಲ್ಲ. ಕಾರು ಅಂದ್ರೆ ಡಿಕ್ಕಿ ಬೇರೆಯಾಗಿ ಎದ್ದು ಕಾಣಬೇಕು, ಇಲ್ಲವೇ ಕ್ವಾಲಿಸ್ ಥರ ಮೂರು ಸಾಲು ಸೀಟು ಇರಬೇಕು ಅನ್ನೋದು ನಮ್ಮ ಜನರ ಲೆಕ್ಕ. ಅದರಿಂದ ನಮ್ಮಂಥವರಿಗೆ ಒಂದು ಲಾಭ ಆಗಿದೆ: ಹಳೇ ವ್ಯಾಗನ್‌ಗಳಿಗೆ ಮಾರುಕಟ್ಟೆಯಲ್ಲಿ ಬೆಲೆಯೇ ಇಲ್ಲ.

ನಾವು ನಾಲ್ಕು ಜನ ಸೇರಿ ನೋಡಿಕೊಳ್ಳುತ್ತಿರುವುದು 2006ರ ಡೀಸೆಲ್ ಮರೀನಾ. ಗಾಡಿ ಇರೋದು ನಮ್ಮಲ್ಲೊಬ್ಬನ ಅಪ್ಪನ ಹೆಸರಲ್ಲಿ. ರಾಜ್ಯೋತ್ಸವದ ನಾಟಕಕ್ಕೆ ಸೆಟ್ಟು, ಸ್ಪೀಕರು, ಬಾಡಿಗೆ ಕಿರೀಟ, ಗದೆ ಎಲ್ಲ ಬರೋದು ಅದರ ಬೆನ್ನ ಮೇಲೆಯೇ. 2021ರಲ್ಲಿ ಹದಿನೈದು ವರ್ಷ ತುಂಬಿ ಐದು ವರ್ಷಕ್ಕೆ ನವೀಕರಣ ಆಗಿತ್ತು. ಮುಂದಿನ ತಪಾಸಣೆಗೆ ಹೋಗುವಾಗ ಗಾಡಿಗೆ ಇಪ್ಪತ್ತು. ಅಂಕಲ್ ಹೇಳಿದ್ದು ಒಂದೇ ಮಾತು: "ಎಫ್‌ಸಿ ಪಾಸಾದ್ರೆ ಗಾಡಿ ನಿಮ್ದು ಅಂತಲೇ ಇಟ್ಕೊಳ್ರಪ್ಪಾ, ಇಲ್ಲಾಂದ್ರೆ ಗುಜರಿಗೆ." ಆರ್‌ಟಿಒ ಶುಲ್ಕ ಅವರದು, ರಿಪೇರಿ ನಮ್ಮದು. ನಾಲ್ವರ ಹತ್ತಿರ ಸೇರಿದ್ದು 35,000 ರೂಪಾಯಿ.

ನಮ್ಮಲ್ಲಿ ಇಬ್ಬರಿಗೆ ಅಲಾಯ್ ವೀಲ್ ಬೇಕಿತ್ತು, ಒಬ್ಬನಿಗೆ ಗಾಡಿಯನ್ನು ಎರಡಿಂಚು ಇಳಿಸೋ ಆಸೆ. ಮೂರು ಸಂಜೆ ಕ್ಯಾಂಟೀನಿನಲ್ಲಿ ಜಗಳ ಆಡಿ, ಕೊನೆಗೆ ಪೇಪರ್ ತಗೊಂಡು ಲೆಕ್ಕ ಹಾಕಿದೆವು. ಆ ಲೆಕ್ಕವನ್ನೇ ಇಲ್ಲಿ ಹಂಚಿಕೊಳ್ಳುತ್ತಿದ್ದೇವೆ. ಮೊದಲ ಸೆಮಿಸ್ಟರ್ ಮೆಕ್ಯಾನಿಕ್ಸ್ ಸಾಕು, ಸಿಎಸ್‌ನವರೂ ಓದಬಹುದು.

ಹಿಂಬದಿಯ ನೂರು ಕೆಜಿ

ವ್ಯಾಗನ್ನಿಗೂ ಸೆಡಾನ್‌ಗೂ ನಿಜವಾದ ವ್ಯತ್ಯಾಸ ಅದರ ಲೋಡು ಎಲ್ಲಿ ಕೂರುತ್ತೆ ಅನ್ನೋದರಲ್ಲಿದೆ. ಮರೀನಾದ ಎರಡು ಆಕ್ಸಲ್‌ಗಳ ನಡುವಿನ ದೂರ 2450 ಮಿ.ಮೀ. ನೂರು ಕೆಜಿ ಸಾಮಾನನ್ನು ಹಿಂದಿನ ಆಕ್ಸಲ್‌ನಿಂದ 400 ಮಿ.ಮೀ. ಆಚೆ, ಅಂದ್ರೆ ಹಿಂಬಾಗಿಲಿನ ಹತ್ತಿರ ಇಟ್ಟೆವು ಅಂದುಕೊಳ್ಳಿ. ಮುಂದಿನ ಆಕ್ಸಲ್ ಸುತ್ತ ಮೊಮೆಂಟ್ ತೆಗೆದರೆ, ಹಿಂದಿನ ಚಕ್ರಗಳ ಮೇಲೆ ಬೀಳೋದು ನೂರಲ್ಲ, 116 ಕೆಜಿ. ಆ ಹೆಚ್ಚುವರಿ 16 ಬಂದಿದ್ದು ಮುಂದಿನ ಚಕ್ರಗಳಿಂದ ಕಿತ್ತುಕೊಂಡು. ಸೀಸಾದ ಒಂದು ತುದಿಗೆ ದಪ್ಪಗಿರೋ ಮಾಮ ಕೂತ ಹಾಗೆ.

ಅದೇ ನೂರು ಕೆಜಿಯನ್ನು ಹಿಂದಿನ ಸೀಟಿನ ಬೆನ್ನಿಗೆ ಒತ್ತಿಟ್ಟು, ಅದರ ಕೇಂದ್ರ ಆಕ್ಸಲ್‌ಗಿಂತ 100 ಮಿ.ಮೀ. ಮುಂದೆ ಬರೋ ಹಾಗೆ ಮಾಡಿದರೆ ಹಿಂದಕ್ಕೆ 96, ಮುಂದಕ್ಕೆ 4. ಒಂದು ಪೈಸೆ ಖರ್ಚಿಲ್ಲ. ಸ್ಟೀರಿಂಗ್ ತಿರುಗಿಸೋದೂ, ಹೆಚ್ಚಿನ ಬ್ರೇಕ್ ಕೆಲಸ ಮಾಡೋದೂ ಮುಂದಿನ ಚಕ್ರಗಳೇ. ಎಂಜಿನ್ ತಿರುಗಿಸೋದೂ ಅವನ್ನೇ. ಅವುಗಳ ಮೇಲಿನ ಭಾರ ಕಮ್ಮಿಯಾದರೆ ಮಳೆಗಾಲದಲ್ಲಿ ತಿರುವಿನಲ್ಲಿ ಗಾಡಿ ನಾವು ಹೇಳಿದ ಕಡೆ ಹೋಗದೆ ತನಗೆ ಬೇಕಾದ ಕಡೆ ಹೋಗುತ್ತೆ. ಹಾಗಾಗಿ ವ್ಯಾಗನ್‌ಗೆ ಮೊದಲ ಮಾಡಿಫಿಕೇಶನ್ ಅಂದ್ರೆ ಸಾಮಾನು ಜೋಡಿಸೋ ಕ್ರಮ. ಭಾರದ್ದು ಮುಂದೆ ಮತ್ತು ಕೆಳಗೆ, ಥರ್ಮೋಕೋಲ್ ಕಿರೀಟಗಳು ಹಿಂದೆ.

ಅದನ್ನು ಕಟ್ಟಲೂಬೇಕು. 50 ಕಿ.ಮೀ. ವೇಗದಲ್ಲಿ ಹೋಗೋ ಗಾಡಿ ಏನಕ್ಕಾದರೂ ಗುದ್ದಿ 0.1 ಸೆಕೆಂಡಿನಲ್ಲಿ ನಿಂತರೆ, 20 ಕೆಜಿಯ ಸ್ಪೀಕರ್ ಬಾಕ್ಸ್ ಸುಮಾರು 280 ಕೆಜಿ ತೂಕದಷ್ಟು ಬಲದಿಂದ ಮುಂದಕ್ಕೆ ನುಗ್ಗುತ್ತೆ. ಸೆಡಾನ್‌ನಲ್ಲಿ ಡಿಕ್ಕಿಗೂ ಸೀಟಿಗೂ ನಡುವೆ ತಗಡಿನ ಗೋಡೆಯಾದರೂ ಇರುತ್ತೆ. ವ್ಯಾಗನ್‌ನಲ್ಲಿ ನಡುವೆ ಇರೋದು ಸೀಟಿನ ಬೆನ್ನು, ಅದರ ಮುಂದೆ ನಮ್ಮ ತಲೆ. ನೆಲದ ಗಟ್ಟಿ ಜಾಗಕ್ಕೆ ನಾಲ್ಕು ಕೊಕ್ಕೆ ಬೋಲ್ಟ್ ಮಾಡಿಸಿ, ಲಾರಿಯವರು ಬಳಸೋ ಥರದ ಬೆಲ್ಟಿನಿಂದ ಬಿಗಿಯೋದು ನಾವು ಮಾಡಿಸಿದ ಅತಿ ಅಗ್ಗದ ಕೆಲಸ.

ಘಾಟಿಯಲ್ಲಿ ಕುದಿಯೋ ಎಣ್ಣೆ

ಈಗ ಬ್ರೇಕ್. ನಮ್ಮ ಜಗಳ ನಿಂತಿದ್ದು ಇಲ್ಲಿಗೆ ಬಂದಾಗ. ಕ್ಲಬ್ಬಿನವರು ಉಡುಪಿ ಕಡೆ ನಾಟಕಕ್ಕೆ ಹೋಗೋ ಪ್ಲಾನ್ ಇತ್ತು, ದಾರಿ ಆಗುಂಬೆ ಘಾಟಿ. ಐದು ಜನ, ಸಾಮಾನು ಸೇರಿ ಗಾಡಿಯ ತೂಕ 1500 ಕೆಜಿ, ಇಳಿಯೋ ಎತ್ತರ 500 ಮೀಟರ್ ಅಂತ ಇಟ್ಟುಕೊಳ್ಳಿ. ಕಳೆದುಕೊಳ್ಳಬೇಕಾದ ಸ್ಥಿತಿಶಕ್ತಿ ಸುಮಾರು 7.4 ಮೆಗಾಜೂಲ್. ಇಷ್ಟು ಶಾಖದಲ್ಲಿ 23 ಲೀಟರ್ ತಣ್ಣೀರನ್ನು ಕುದಿಸಬಹುದು, ಹಾಸ್ಟೆಲಿನ ಒಂದು ದೊಡ್ಡ ಬಕೆಟ್ ತುಂಬ. ಎಂಜಿನ್ ಮತ್ತು ಗಾಳಿ ತಮ್ಮ ಪಾಲು ತೆಗೆದುಕೊಳ್ಳುತ್ತವೆ ನಿಜ. ಉಳಿದಿದ್ದೆಲ್ಲ ಹೋಗೋದು ಮುಂದಿನ ಎರಡು ಡಿಸ್ಕ್ ಮತ್ತು ಹಿಂದಿನ ಎರಡು ಡ್ರಮ್ಮಿಗೆ. ಅಲ್ಲಿಂದ ಪ್ಯಾಡ್, ಪ್ಯಾಡಿನಿಂದ ಪಿಸ್ಟನ್, ಪಿಸ್ಟನ್ನಿನಿಂದ ಬ್ರೇಕ್ ಆಯಿಲ್.

ಬ್ರೇಕ್ ಆಯಿಲ್ ಅಂತ ಅಂಗಡಿಯಲ್ಲಿ ಕರೆದರೂ ಅದು ಎಣ್ಣೆ ಅಲ್ಲ, ಗ್ಲೈಕಾಲ್ ಜಾತಿಯ ದ್ರವ. ಗಾಳಿಯಲ್ಲಿರೋ ತೇವವನ್ನು ಅದು ಹೀರಿಕೊಳ್ಳುತ್ತೆ. ರಬ್ಬರ್ ಹೋಸ್‌ಗಳ ಮೂಲಕ, ಡಬ್ಬಿಯ ಮುಚ್ಚಳದ ಮೂಲಕ, ವರ್ಷಗಟ್ಟಲೆ ಸದ್ದಿಲ್ಲದೆ. ಹೊಸ ಡಾಟ್ 3 ದ್ರವದ ಕುದಿಬಿಂದು ಕನಿಷ್ಠ 205 ಡಿಗ್ರಿ ಸೆಲ್ಸಿಯಸ್ ಇರಬೇಕು ಅನ್ನೋದು ನಿಯಮ. ಶೇಕಡ 3.7ರಷ್ಟು ನೀರು ಸೇರಿದ ಸ್ಥಿತಿಗೆ ಅದೇ ನಿಯಮ ಕೇಳೋದು ಬರೀ 140. ಡಾಟ್ 4ಕ್ಕೆ ಈ ಅಂಕಿಗಳು 230 ಮತ್ತು 155. ಘಾಟಿಯ ಇಳಿಜಾರಿನಲ್ಲಿ ಪೆಡಲ್ ಒತ್ತಿಕೊಂಡೇ ಬಂದರೆ 140 ಮುಟ್ಟೋದು ದೊಡ್ಡ ವಿಷಯ ಅಲ್ಲ.

ಕುದಿದರೆ ಏನಾಗುತ್ತೆ? ಪೈಪಿನೊಳಗೆ ಆವಿಯ ಗುಳ್ಳೆ. ದ್ರವ ಒತ್ತಿದರೆ ಕುಗ್ಗಲ್ಲ, ಆವಿ ಕುಗ್ಗುತ್ತೆ. ನಾವು ಪೆಡಲ್ ತುಳಿದಷ್ಟೂ ಗುಳ್ಳೆ ಸಣ್ಣದಾಗುತ್ತೆ, ಪ್ಯಾಡು ಡಿಸ್ಕನ್ನು ಮುಟ್ಟೋದೇ ಇಲ್ಲ. ಕಾಲು ನೇರ ನೆಲಕ್ಕೆ. ಆಮೇಲೆ ಗಾಡಿ ನಿಲ್ಲಿಸಿ, ಅರ್ಧ ಗಂಟೆ ಬಿಟ್ಟು ನೋಡಿದರೆ ಆವಿ ತಣಿದು ದ್ರವ ಆಗಿರುತ್ತೆ, ಪೆಡಲ್ ಗಟ್ಟಿ. ಪರೀಕ್ಷೆಗೆ ಹೋದವರಿಗೆ ಏನೂ ದೋಷ ಕಾಣಲ್ಲ. ಇದಕ್ಕೇ ಇದು ಭಯಂಕರ.

ಹಾಗಾಗಿ ಮೊದಲ 8,200 ರೂಪಾಯಿ ಇಲ್ಲಿಗೆ ಹೋಯಿತು: ಹಳೇ ದ್ರವ ಪೂರ್ತಿ ತೆಗೆದು ಡಾಟ್ 4, ನಾಲ್ಕೂ ಕಡೆ ಬ್ಲೀಡಿಂಗ್, ಮುಂದಿನ ಪ್ಯಾಡು, ಹಿಂದಿನ ಶೂ, ಸೋರುತ್ತಿದ್ದ ವೀಲ್ ಸಿಲಿಂಡರ್, ಬಿರುಕು ಬಿಟ್ಟಿದ್ದ ರಬ್ಬರ್ ಹೋಸ್‌ಗಳು. ಡಾಟ್ 3 ಇರೋ ಕಡೆ ಡಾಟ್ 4 ಹಾಕಬಹುದು, ಎರಡೂ ಒಂದೇ ಕುಟುಂಬ. ಡಾಟ್ 5 ಅಂತ ಸಿಕ್ಕರೆ ಮಾತ್ರ ಕೈ ಹಾಕಬೇಡಿ, ಅದು ಸಿಲಿಕೋನ್, ಇದರ ಜೊತೆ ಬೆರೆಯಲ್ಲ. ಇನ್ನು ಉಳಿದ ಅರ್ಧ ಬ್ರೇಕು ಚಾಲಕನ ಎಡಗೈಯಲ್ಲಿದೆ. ಇಳಿಯುವಾಗ ಎರಡನೇ ಗೇರ್, ಎಂಜಿನ್ ಗುರ್ ಅನ್ನಲಿ ಬಿಡಿ. ನ್ಯೂಟ್ರಲ್‌ನಲ್ಲಿ ಇಳಿಸಿ ಡೀಸೆಲ್ ಉಳಿಸ್ತೀನಿ ಅನ್ನೋರ ಗಾಡಿಯಲ್ಲಿ ನಾವು ಕೂರಲ್ಲ.

ಸ್ಪ್ರಿಂಗ್ ಕತ್ತರಿಸೋ ಚಟ

ಲೋಡ್ ಹಾಕಿದಾಗ ಹಿಂಬದಿ ಕೂತುಬಿಡುತ್ತೆ ಅನ್ನೋದು ಎಲ್ಲ ಹಳೇ ವ್ಯಾಗನ್‌ಗಳ ದೂರು. ಮೇಸ್ತ್ರಿಗಳ ಸಿದ್ಧ ಉತ್ತರ ಸ್ಪ್ರಿಂಗ್ ಬಫರ್: ಸುರುಳಿಗಳ ನಡುವೆ ಸಿಕ್ಕಿಸೋ ರಬ್ಬರ್ ತುಂಡು. ಇನ್ನೊಂದು ಗುಂಪಿನವರು ಉಲ್ಟಾ, ಗಾಡಿ ನೆಲಕ್ಕಂಟಿ ಕಾಣಬೇಕು ಅಂತ ಒಂದು ಸುರುಳಿಯನ್ನೇ ಕತ್ತರಿಸ್ತಾರೆ. ವಿಚಿತ್ರ ಅಂದ್ರೆ ಎರಡೂ ಕೆಲಸದ ಹಿಂದಿನ ಲೆಕ್ಕ ಒಂದೇ. ಸ್ಪ್ರಿಂಗಿನ ಗಡಸುತನ ಕೆಲಸ ಮಾಡೋ ಸುರುಳಿಗಳ ಸಂಖ್ಯೆಗೆ ವಿಲೋಮ. ಬಫರ್ ಇಟ್ಟರೆ ಆ ಜಾಗದ ಸುರುಳಿಗಳ ಚಲನೆ ಕಟ್ಟಿಹಾಕಿದಂತೆ, ಕತ್ತರಿಸಿದರೆ ಸುರುಳಿಯೇ ಇಲ್ಲ. ಎರಡರಲ್ಲೂ ಸ್ಪ್ರಿಂಗ್ ಗಡಸಾಗುತ್ತೆ.

ಆದರೆ ಡ್ಯಾಂಪರ್ ಹಳೇದೇ ಇರುತ್ತಲ್ಲ! ಡ್ಯಾಂಪಿಂಗ್ ಅನುಪಾತದ ಸೂತ್ರದಲ್ಲಿ ಸ್ಪ್ರಿಂಗ್ ಗಡಸುತನ ಕೆಳಗಡೆ ವರ್ಗಮೂಲದೊಳಗೆ ಕೂತಿದೆ. ಗಡಸುತನ ಶೇಕಡ 30 ಏರಿದರೆ ಅನುಪಾತ ಶೇಕಡ 12ರಷ್ಟು ಇಳಿಯುತ್ತೆ. ಇಪ್ಪತ್ತು ವರ್ಷದ, ಈಗಾಗಲೇ ಸೀಲ್ ಸೋರುತ್ತಿರೋ ಡ್ಯಾಂಪರ್ ಆದರೆ ಕೇಳೋದೇ ಬೇಡ, ಹಂಪ್ ದಾಟಿದ ಮೇಲೂ ಗಾಡಿ ತೊಟ್ಟಿಲ ಥರ ತೂಗ್ತಾನೇ ಇರುತ್ತೆ. ಕತ್ತರಿಸಿದ ಸ್ಪ್ರಿಂಗಿಗೆ ಇನ್ನೊಂದು ಕಾಯಿಲೆ: ಚಕ್ರ ಗುಂಡಿಯಲ್ಲಿ ಪೂರ್ತಿ ಕೆಳಗೆ ಇಳಿದಾಗ ಸ್ಪ್ರಿಂಗಿನ ಉದ್ದ ಸಾಲದೆ ತನ್ನ ಸೀಟಿನಿಂದ ಜಾರಬಹುದು. ಇಳಿಸೋ ಆಸೆ ಇದ್ದ ಗೆಳೆಯ ಈ ಚಿತ್ರವನ್ನು ತಾನೇ ಬೋರ್ಡಿನ ಮೇಲೆ ಬರೆದು, ತಾನೇ ಅಳಿಸಿ, ಟೀ ಹೇಳಿದ. ಹಿಂಬದಿಗೆ ಕಂಪನಿ ಅಳತೆಯ ಹೊಸ ಡ್ಯಾಂಪರ್ ಜೋಡಿಯೇ ಸರಿಯಾದ ಔಷಧ. ಅದು ಮುಂದಿನ ಸೆಮಿಸ್ಟರಿನ ದುಡ್ಡಿಗೆ. ಅಲ್ಲಿವರೆಗೂ ಲೋಡನ್ನೇ ಕಮ್ಮಿ ಮಾಡಿದ್ದೇವೆ.

ಅಲಾಯ್ ವಿಷಯಕ್ಕೂ ಲೆಕ್ಕವೇ ತೀರ್ಪು ಕೊಟ್ಟಿತು. 175/65 ಆರ್14 ಟೈರಿನ ಹೊರ ವ್ಯಾಸ ಸುಮಾರು 583 ಮಿ.ಮೀ. ನೋಡೋಕೆ ಚೆಂದ ಅಂತ 195/65 ಆರ್15ಕ್ಕೆ ಹೋದರೆ 634. ಶೇಕಡ ಒಂಬತ್ತರ ಹತ್ತಿರ ದೊಡ್ಡದು. ಮೀಟರ್ 80 ತೋರಿಸುವಾಗ ಗಾಡಿ ನಿಜಕ್ಕೂ 87ರಲ್ಲಿ ಓಡ್ತಿರುತ್ತೆ. ಚಕ್ರದ ತ್ರಿಜ್ಯ ಹೆಚ್ಚಿದ್ದರಿಂದ ಅದೇ ಬ್ರೇಕು ನೆಲದ ಮೇಲೆ ಕಮ್ಮಿ ಬಲ ಹಾಕುತ್ತೆ, ಏರಿನಲ್ಲಿ ಎಂಜಿನ್ ಏದುಸಿರು ಬಿಡುತ್ತೆ. ಟೈರು ಬದಲಿಸಲೇಬೇಕಿತ್ತು, ಆದರೆ ಹಳೇ ಅಳತೆಯಲ್ಲೇ. ಹಳೇ ಟೈರುಗಳಲ್ಲಿ ಗುಂಡಿ ಆಳ ಚೆನ್ನಾಗೇ ಉಳಿದಿತ್ತು, ಅದೇ ಮೋಸ. ಟೈರಿನ ಪಕ್ಕದಲ್ಲಿ ಡಾಟ್ ಅಂತ ಶುರುವಾಗೋ ಸಾಲಿನ ಕೊನೆಯ ನಾಲ್ಕು ಅಂಕಿ ಓದಿ: 2314 ಅಂದ್ರೆ 2014ನೇ ಇಸವಿಯ 23ನೇ ವಾರ. ಹತ್ತು ವರ್ಷ ದಾಟಿದ ರಬ್ಬರು ಕಲ್ಲು. ನಾಲ್ಕು ಟೈರಿಗೆ 15,600 ಕೊಟ್ಟೆವು, ಬಜೆಟ್ಟಿನ ಅತಿ ದೊಡ್ಡ ತುತ್ತು ಅದೇ, ಮರುಮಾತಿಲ್ಲ.

ಹೆಡ್‌ಲೈಟ್ ಮಂಕು ಅಂತ ಎಲ್ಲರೂ ಬಲ್ಬ್ ಬದಲಿಸ್ತಾರೆ. ಮಲ್ಟಿಮೀಟರ್ ಇಟ್ಟು ನೋಡಿ ಮೊದಲು. ಹಳೇ ಗಾಡಿಗಳಲ್ಲಿ ಕರೆಂಟು ಡ್ಯಾಶ್‌ಬೋರ್ಡಿನ ಸ್ವಿಚ್ ಸುತ್ತಿ ತೆಳು ವೈರಿನಲ್ಲಿ ಬರುವಷ್ಟರಲ್ಲಿ ಬ್ಯಾಟರಿ ಬಳಿಯ 13.5 ವೋಲ್ಟ್ ಬಲ್ಬಿನ ಬಳಿ 12 ಆಗಿರಬಹುದು. ಹ್ಯಾಲೋಜನ್ ಬಲ್ಬಿನ ಬೆಳಕು ವೋಲ್ಟೇಜಿನ ಸುಮಾರು 3.4ನೇ ಘಾತಕ್ಕೆ ಅನುಗುಣ, ಹಾಗಾಗಿ ಆ ಒಂದೂವರೆ ವೋಲ್ಟಿನಲ್ಲಿ ಮೂರನೇ ಒಂದು ಭಾಗ ಬೆಳಕೇ ಮಾಯ. ಎರಡು ರಿಲೇ, ಫ್ಯೂಸ್, ದಪ್ಪ ವೈರು: 1,100 ರೂಪಾಯಿ, ಒಂದು ಭಾನುವಾರ. ಇಸಿ ಗೆಳೆಯನ ಸೋಲ್ಡರಿಂಗ್ ಕಡೆಗೂ ಉಪಯೋಗಕ್ಕೆ ಬಂತು. ಹ್ಯಾಲೋಜನ್ ರಿಫ್ಲೆಕ್ಟರಿನೊಳಗೆ ಎಲ್‌ಇಡಿ ತುರುಕಿದರೆ ಬೆಳಕು ಹರಿದು ಹೋಗಿ ಎದುರಿನವನ ಕಣ್ಣಿಗೆ ಬಡಿಯುತ್ತೆ. ಹಿಂಬದಿ ಲೋಡು ಇದ್ದಾಗ ಮೂತಿ ಮೇಲೆದ್ದು ಲೈಟೂ ಮೇಲೇಳುತ್ತೆ ಅನ್ನೋದು ನೆನಪಿರಲಿ. ಲೈಟಿನ ಎತ್ತರ ತಿರುಗಿಸೋ ನಾಬ್ ಇರೋ ಗಾಡಿಗಳಲ್ಲಿ ಅದು ಇರೋದು ಇದಕ್ಕೇ.

ಬಿಸಿ ಮತ್ತು ಬೆಲ್ಟು

ಹಳೇ ಗಾಡಿ ಬಿಸಿಯಾದರೆ "ಥರ್ಮೋಸ್ಟಾಟ್ ಕಿತ್ತಾಕ್ಬಿಡಿ ಸಾರ್, ಇಂಡಿಯಾಗೆ ಬೇಕಾಗಲ್ಲ" ಅನ್ನೋ ಸಲಹೆ ಪ್ರತಿ ಊರಲ್ಲೂ ಪುಕ್ಕಟೆ ಸಿಗುತ್ತೆ. ಬೇಕಾಗುತ್ತೆ. ಅದಿಲ್ಲದಿದ್ದರೆ ಎಂಜಿನ್ ತನ್ನ ಸರಿಯಾದ ಬಿಸಿಗೆ ಬರೋಕೆ ತುಂಬ ಹೊತ್ತು ತಗೊಳ್ಳುತ್ತೆ, ಡೀಸೆಲ್ ಹೆಚ್ಚು ಕುಡಿಯುತ್ತೆ, ಒಳಗಿನ ಸವೆತ ಹೆಚ್ಚುತ್ತೆ. ಅಸಲಿ ಕಳ್ಳ ಬಹಳ ಸಲ ರೇಡಿಯೇಟರ್ ಮುಚ್ಚಳ. ಒಳಗೆ 0.9 ಬಾರ್ ಹೆಚ್ಚುವರಿ ಒತ್ತಡ ಹಿಡಿದಿಟ್ಟರೆ ಬರೀ ನೀರೂ 118 ಡಿಗ್ರಿವರೆಗೆ ಕುದಿಯಲ್ಲ. ಸ್ಪ್ರಿಂಗ್ ಸತ್ತ ಮುಚ್ಚಳ ಒತ್ತಡ ಬಿಟ್ಟರೆ 100ಕ್ಕೇ ಕುದಿತ. ಮುಚ್ಚಳ, ಹೋಸ್, ಥರ್ಮೋಸ್ಟಾಟ್, ಕೂಲಂಟ್ ಸೇರಿ 2,900.

ಉಳಿದಿದ್ದರಲ್ಲಿ 6,800 ಟೈಮಿಂಗ್ ಬೆಲ್ಟ್ ಮತ್ತು ಟೆನ್ಷನರ್‌ಗೆ. ಇದನ್ನು ಮೇಸ್ತ್ರಿಯೇ ಮಾಡಲಿ ಅಂತ ಬಿಟ್ಟೆವು. ಡೀಸೆಲ್ ಎಂಜಿನ್ನಿನಲ್ಲಿ ಪಿಸ್ಟನ್ ಮೇಲೆ ಬಂದಾಗ ವಾಲ್ವಿಗೂ ಅದಕ್ಕೂ ನಡುವೆ ಜಾಗ ಇರೋದೇ ಕೂದಲೆಳೆಯಷ್ಟು. ಬೆಲ್ಟು ಓಡುವಾಗ ಹರಿದರೆ ತೆರೆದ ವಾಲ್ವುಗಳನ್ನು ಪಿಸ್ಟನ್ ಬಂದು ಗುದ್ದುತ್ತೆ, ಆಮೇಲೆ ಬರೋ ಬಿಲ್ಲು ಗಾಡಿಯ ಬೆಲೆಗೆ ಸಮ. ಬೆಲ್ಟಿಗೆ ಕಿಲೋಮೀಟರ್ ಮಾತ್ರ ಅಲ್ಲ, ವಯಸ್ಸೂ ಲೆಕ್ಕ. ಹಿಂದಿನ ಸಲ ಯಾವಾಗ ಹಾಕಿದ್ದು ಅಂತ ದಾಖಲೆ ಇಲ್ಲದಿದ್ದರೆ, ಹಾಕಿಲ್ಲ ಅಂತಲೇ ತಿಳಿಯಿರಿ. ಟರ್ಬೊ ಬೂಸ್ಟ್ ಏರಿಸೋದು, ಕೋನ್ ಫಿಲ್ಟರ್, ದಪ್ಪ ಸೈಲೆನ್ಸರ್ ಇವುಗಳ ಬಗ್ಗೆ ಬರೆಯೋಕೆ ನಮ್ಮ ಹತ್ತಿರ ಒಂದೇ ವಾಕ್ಯ ಇದೆ: ಬಾನೆಟ್ ಒಳಗೆ ತೆರೆದಿಟ್ಟ ಕೋನ್ ಫಿಲ್ಟರ್ ಕುಡಿಯೋದು ಎಂಜಿನ್ನಿನ ಬಿಸಿಗಾಳಿಯನ್ನೇ.

ಹಿಂಬಾಗಿಲ ಬಗ್ಗೆ ಮಾತ್ರ ಸ್ವಲ್ಪ ನಿಂತು ಹೇಳಬೇಕು. ಉದ್ದದ ಪೈಪು, ಬ್ಯಾನರ್ ಕೋಲು ಒಳಗೆ ಹಿಡಿಸದಾಗ ಹಿಂಬಾಗಿಲನ್ನು ಅರ್ಧ ತೆರೆದು ಹಗ್ಗ ಕಟ್ಟಿ ಓಡಿಸೋದು ರೂಢಿ. ಓಡೋ ಗಾಡಿಯ ಹಿಂದೆ ಗಾಳಿಯ ಒತ್ತಡ ಕಮ್ಮಿ ಇರುತ್ತೆ, ಅಲ್ಲಿ ಗಾಳಿ ಸುಳಿ ಸುತ್ತಿ ಸೈಲೆನ್ಸರಿನ ಹೊಗೆಯನ್ನು ವಾಪಸ್ ಎಳೆದು ತೆರೆದ ಬಾಗಿಲಿನಿಂದ ಒಳಗೆ ತುಂಬುತ್ತೆ. ಅದರಲ್ಲಿರೋ ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣ ಇಲ್ಲ, ವಾಸನೆ ಇಲ್ಲ, ರಕ್ತದ ಹಿಮೋಗ್ಲೋಬಿನ್ನಿಗೆ ಆಕ್ಸಿಜನ್‌ಗಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಲವಾಗಿ ಅಂಟುತ್ತೆ. ಡೀಸೆಲ್ ಹೊಗೆಯಲ್ಲಿ ಅದು ಪೆಟ್ರೋಲಿಗಿಂತ ಕಮ್ಮಿ, ಆದರೆ ಹಿಂದಿನ ಸೀಟಿನಲ್ಲಿ ನಿದ್ದೆ ಹೋದವನಿಗೆ ನಿದ್ದೆ ಯಾವುದು, ವಿಷ ಯಾವುದು ಗೊತ್ತಾಗಲ್ಲ. ಹರಿದ ಬಾಗಿಲ ರಬ್ಬರ್ ಬೀಡಿಂಗು, ತುಕ್ಕು ತಿಂದ ಸೈಲೆನ್ಸರ್ ಜೋಡಿಯಾದರೆ ಬಾಗಿಲು ಮುಚ್ಚಿದ್ದರೂ ಅದೇ ಕಥೆ. ಉದ್ದದ ಸಾಮಾನು ಕ್ಯಾರಿಯರ್ ಮೇಲೆ ಹಾಕಿ, ಬಾಗಿಲು ಮುಚ್ಚಿ. ಬಾಗಿಲಿನ ಕೆಳಗಂಚಿನ ನೀರು ಹೋಗೋ ತೂತುಗಳನ್ನು ಒಂದು ತಂತಿಯಿಂದ ಚುಚ್ಚಿ ನೋಡಿ; ತುಕ್ಕು ಹುಟ್ಟೋದು ಅಲ್ಲೇ.

ಆರ್‌ಟಿಒ ಮತ್ತು ಗುಜರಿ

ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಆರ್‌ಸಿಯಲ್ಲಿರೋ ವಿವರ ತಯಾರಕರ ಮೂಲ ನಮೂನೆಗಿಂತ ಬೇರೆಯಾಗೋ ಹಾಗೆ ಗಾಡಿ ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಕೇರಳದ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಗಟ್ಟಿಯಾಗಿ ಹೇಳಿತು. ಎಂಜಿನ್ ಬದಲಾವಣೆ, ಗ್ಯಾಸ್ ಕಿಟ್ಟಿಗೆ ಅನುಮತಿ ಬೇಕು. ಬಣ್ಣ ಬದಲಾದರೆ ಆರ್‌ಸಿಯಲ್ಲಿ ನಮೂದಾಗಬೇಕು. ಮೇಲೆ ಹೇಳಿದ ನಮ್ಮ ಕೆಲಸಗಳಲ್ಲಿ ಬಹುಪಾಲು ಬರೀ ಮೂಲ ಸ್ಥಿತಿಗೆ ತರೋದಾದ್ದರಿಂದ ಆ ತಲೆನೋವಿಲ್ಲ. ಹದಿನೈದು ದಾಟಿದ ಕಾರಿನ ನವೀಕರಣ ಶುಲ್ಕ 2022ರ ಏಪ್ರಿಲ್‌ನಿಂದ 5,000 ರೂಪಾಯಿ ಆಗಿತ್ತು, ಇಪ್ಪತ್ತು ದಾಟಿದವಕ್ಕೆ 2025ರಲ್ಲಿ ಇನ್ನೂ ಏರಿದೆ. ಹತ್ತು ವರ್ಷದ ಡೀಸೆಲ್ ಗಾಡಿ ಕತೆ ಮುಗೀತು ಅಂತ ವಾಟ್ಸಾಪಿನಲ್ಲಿ ಬರೋದು ದೆಹಲಿ ಸುತ್ತಮುತ್ತಲಿನ ಸಂಗತಿ, ಕರ್ನಾಟಕಕ್ಕೆ ಅದನ್ನು ಅಂಟಿಸಿಕೊಂಡು ಹೆದರಬೇಡಿ.

ಬಿಡಿಭಾಗಕ್ಕೆ ಮರೀನಾದ ಅದೃಷ್ಟ ದೊಡ್ಡದು. ಅದು ಇಂಡಿಕಾ ಮನೆತನದ್ದು, ಇಂಡಿಕಾ ಒಂದು ಕಾಲಕ್ಕೆ ನಮ್ಮೂರುಗಳ ಟ್ಯಾಕ್ಸಿ. ಹಾಗಾಗಿ ಎಂಜಿನ್ ಕಡೆಯ ಸಾಮಾನು ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಇವತ್ತಿಗೂ ಸಿಗುತ್ತೆ. ಗುಜರಿಯಿಂದ ಏನು ತರಬಹುದು ಅನ್ನೋದಕ್ಕೆ ನಾವು ಒಂದು ಗೆರೆ ಹಾಕಿಕೊಂಡಿದ್ದೇವೆ. ಕೆಟ್ಟರೆ ಬರೀ ಬೇಜಾರಾಗೋ ವಸ್ತು ತರಬಹುದು: ಕಿಟಕಿ ಹ್ಯಾಂಡಲ್, ಸ್ವಿಚ್ಚು, ಸೀಟು, ಗಾಜು. ಕೆಟ್ಟರೆ ಆಸ್ಪತ್ರೆಗೆ ಹೋಗೋ ವಸ್ತು ಬೇಡ: ಬ್ರೇಕ್ ಹೋಸ್, ಬಾಲ್ ಜಾಯಿಂಟ್, ಟೈರು, ಸೀಟ್ ಬೆಲ್ಟ್.

ಇಂಡಿಕಾ ಜೊತೆ ಹಂಚಿಕೊಳ್ಳದೇ ಇರೋದು ಮರೀನಾದ ಬೆನ್ನು ಮಾತ್ರ: ಹಿಂಬಾಗಿಲು, ಅದರ ಗಾಜು, ಹಿಂದಿನ ಲೈಟು, ಪಕ್ಕದ ಉದ್ದ ಗಾಜು. ಒಡೆದ ಮೇಲೆ ಹುಡುಕಿದರೆ ಸಿಗಲ್ಲ, ಈಗಲೇ ಒಂದು ಜೊತೆ ಎತ್ತಿಡಬೇಕು. 35,000ದಲ್ಲಿ 400 ರೂಪಾಯಿ ಉಳಿದಿದೆ. ನಿಮ್ಮೂರ ಗುಜರಿಯಲ್ಲಿ ಬಲಗಡೆಯ ಹಿಂದಿನ ಲೈಟು ಕಂಡರೆ ಆ ದುಡ್ಡಿಗೆ ಮಾತಾಡಿ ಇಟ್ಟಿರಿ, ಶನಿವಾರ ಬಂದು ತಗೊಂಡು ಹೋಗ್ತೀವಿ.